ಕೂತು ಕೇಳಿದ ನಿಮಗೆಲ್ಲ

ಮೊನ್ನೆ ಭಾನುವಾರ ಸಂಜೆ ಮೈಸೂರಿನ ಸರಸ್ವತಿಪುರಂಗೆ ಬಂದು ನಮ್ಮ ಜಾಜ್ ಕಛೇರಿ ಕೇಳಿದ ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬರೆಯಬೇಕು ಬರೆಯಬೇಕು ಅಂದುಕೊಂಡು ಇವತ್ತು ಕೂತಿದ್ದೇನೆ. ಬಂದ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಕೊಡೋಣ ಅಂತ ಶುರು ಮಾಡಿದೆ. ಆದರೆ ಎಲ್ಲರಿಗೂ "ತುಂಬಾ ಥ್ಯಾಂಕ್ಸ್" ಅಂತ ಅದೇ ಮಾತು ಹಾಕುತ್ತಿದ್ದೇನೆ ಅನ್ನಿಸಿ ನಿಲ್ಲಿಸಿದೆ. ನೀವು ಬಂದಿದ್ದು ದೊಡ್ಡದು. ನೀವು ಕೇಳಿದ ರೀತಿ ನನಗೆ ಇನ್ನೂ ದೊಡ್ಡದು. ಅದು ಯಾಕೆ ಅಂತ ಹೇಳಬೇಕು, ಸ್ವಲ್ಪ ಉದ್ದ ಆಗುತ್ತೆ.

120 ಕುರ್ಚಿ ಹಾಕಿಸಿದ್ದೆವು. ಅರ್ಧ ತುಂಬಿದರೆ ಸಾಕು ಅಂತ ನನ್ನ ಹೆಂಡತಿಗೆ ಹೇಳಿದ್ದೆ. ಆರೂವರೆಗೆ ನೋಡಿದರೆ ಚಪ್ಪಲಿ ಬಿಡುವ ಜಾಗದವರೆಗೂ ಜನ ನಿಂತಿದ್ದಾರೆ. ಅದರಲ್ಲಿ ಜಾಜ್ ಕೇಳಿ ಬೆಳೆದವರು ಹತ್ತು ಜನ ಇದ್ದರೇನೋ. ಉಳಿದವರು ನಮ್ಮ ಬೀದಿಯವರು, ನಾನು ಕೆಲಸ ಮಾಡುವ ಪ್ರೆಸ್ಸಿನವರು, ಅಪ್ಪನ ಹಳೇ ಬ್ಯಾಂಡ್ ಸೆಟ್ಟಿನವರು, ಮಗಳ ಸ್ಕೂಲಿನ ಮಕ್ಕಳು, ಸಂಜೆ ವಾಕಿಂಗ್ ಬಂದವರು ಒಳಗೆ ಏನೋ ನಡೀತಿದೆ ಅಂತ ಹಾಗೇ ಬಂದು ಕೂತವರು.

ಇದು ಎರಡು ವರ್ಷಕ್ಕೂ ಜಾಸ್ತಿ ಕಾಲದ ಮೇಲೆ ನಾನು ಟ್ರಂಪೆಟ್ ಊದಿದ ಮೊದಲ ಪೂರ್ತಿ ಕಛೇರಿ. ತುಂಬಾ ಜನಕ್ಕೆ ಇದು ಗೊತ್ತಿರಲಿಲ್ಲ. ನಾನೇ ಹೇಳಿರಲಿಲ್ಲ. ಮೊದಲೇ ಹೇಳಿದರೆ ಪಾಪ ಅಂತ ಚಪ್ಪಾಳೆ ಹೊಡೆಯುತ್ತಾರೆ ಅನ್ನೋ ಭಯ ಇತ್ತು.

2023ರ ಜನವರಿಯಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸೋರಿ ಅಂಗಿ ಮೇಲೆ ಬಿತ್ತು. ಕನ್ನಡಿ ನೋಡಿದರೆ ಎಡಗಡೆ ಮುಖ ಪೂರ್ತಿ ಇಳಿದುಹೋಗಿದೆ. ಕಣ್ಣು ಮುಚ್ಚುತ್ತಿಲ್ಲ, ಹುಬ್ಬು ಏಳುತ್ತಿಲ್ಲ. ಲಕ್ವ ಹೊಡೆದಿದೆ ಅಂತಲೇ ಮನೆಯವರೆಲ್ಲ ಅಂದುಕೊಂಡೆವು. ಮೊದಲು ಹೋದ ಕಡೆ ಸರಿಯಾಗಿ ನೋಡಲೇ ಇಲ್ಲ, ಚಳಿಗಾಳಿ ಬಡಿದಿದೆ ಶಾಖ ಕೊಡಿ ಅಂತ ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಮಾರನೇ ದಿನ ಇನ್ನೊಬ್ಬ ಡಾಕ್ಟರ್ ಕೂರಿಸಿಕೊಂಡು ವಿವರವಾಗಿ ಹೇಳಿದರು. ಇದು ಬೆಲ್ಸ್ ಪಾಲ್ಸಿ, ಮುಖದ ಒಂದು ಪಕ್ಕದ ನರ ಊದಿಕೊಂಡು ಕೆಲಸ ನಿಲ್ಲಿಸಿದೆ, ಮಿದುಳಿಗೆ ಏನೂ ಆಗಿಲ್ಲ, ಸ್ಟೀರಾಯ್ಡ್ ಮಾತ್ರೆ ಮೂರು ದಿನದೊಳಗೆ ಶುರುವಾದರೆ ಒಳ್ಳೆಯದು, ಸಮಯಕ್ಕೆ ಬಂದಿದ್ದೀರಿ, ಹೆಚ್ಚಿನವರಿಗೆ ವಾಸಿ ಆಗುತ್ತೆ ಅಂದರು. ನಾನು ಕೇಳಿದ್ದು ಒಂದೇ. "ಸಾರ್, ಟ್ರಂಪೆಟ್ ಊದೋಕಾಗುತ್ತಾ?" ಅವರು ನನ್ನ ಎಡಗಣ್ಣಿಗೆ ಡ್ರಾಪ್ಸ್ ಹಾಕುತ್ತಾ, "ಮೊದಲು ಈ ಕಣ್ಣು ಮುಚ್ಚೋದು ಬರಲಿ" ಅಂದರು.

ಟ್ರಂಪೆಟ್ ಗೊತ್ತಿಲ್ಲದವರಿಗೆ ಒಂದು ಮಾತು. ಭಾನುವಾರ ಕಛೇರಿ ಮುಗಿದ ಮೇಲೆ ವಾಲಗ ಊದುವ ಒಬ್ಬ ಹಿರಿಯರು ವೇದಿಕೆ ಹತ್ತಿರ ಬಂದರು. ಮದುವೆ, ದೇವಸ್ಥಾನ ಅಂತ ಜೀವನ ಪೂರ್ತಿ ನಾದಸ್ವರ ಊದಿದವರು. ಟ್ರಂಪೆಟ್ ಕೈಗೆ ತಗೊಂಡು, ಮೌತ್‌ಪೀಸ್ ಬಿಚ್ಚಿಸಿ, ಬೆಳಕಿಗೆ ಹಿಡಿದು ಒಳಗೆಲ್ಲ ನೋಡಿ ಕೇಳಿದರು: "ಸೀವಾಳಿ ಎಲ್ಲಪ್ಪಾ?"

ಸೀವಾಳಿ ಅಂದರೆ ನಾದಸ್ವರದ ತುದಿಯಲ್ಲಿ ತುಟಿಗೆ ಸಿಗುವ, ನಡುಗಿ ಸ್ವರ ಹುಟ್ಟಿಸುವ ಪೀಪಿ. ಸೀವಾಳಿ ಇಲ್ಲ ಯಜಮಾನ್ರೇ, ತುಟಿನೇ ಸೀವಾಳಿ ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಎಡಗಡೆ ತುಟಿಯ ತುದಿಯನ್ನು ಹೆಬ್ಬೆರಳಿನಲ್ಲಿ ಮುಟ್ಟಿ, "ಇಲ್ಲೇ ಅಲ್ವಾ ಆಗಿದ್ದು?" ಅಂದರು. ನಾನು ಯಾರಿಗೂ ಹೇಳಿರಲಿಲ್ಲ ಅಂದೆನಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಿಯೇ ಗೊತ್ತು ಮಾಡಿಕೊಂಡಿದ್ದರು. ಯಜಮಾನ್ರೇ, ನಿಮ್ಮ ಹತ್ತಿರ ಫೋನ್ ಇಲ್ಲ ಅಂತ ಗೊತ್ತು, ಇದನ್ನು ನಿಮ್ಮ ಮೊಮ್ಮಗ ಓದಿ ಹೇಳಲಿ. ನಿಮ್ಮ ಹೆಬ್ಬೆರಳಿಗೆ ನನ್ನ ನಮಸ್ಕಾರ.

ಸುಮಾರು ಒಂದೂವರೆ ಮೀಟರ್ ಉದ್ದದ ಹಿತ್ತಾಳೆ ಕೊಳವೆ, ಮೂರು ವಾಲ್ವ್, ಅಷ್ಟೇ ಟ್ರಂಪೆಟ್ ಅಂದರೆ. ಸ್ವರ ಹುಟ್ಟುವುದು ತುಟಿ ನಡುಗಿದಾಗ. ಒಂದೇ ವಾಲ್ವ್ ಒತ್ತಿಕೊಂಡು ತುಟಿಯ ಬಿಗಿ ಬದಲಾಯಿಸುತ್ತಾ ಹೋದರೆ ಬೇರೆ ಬೇರೆ ಸ್ವರ ಬರುತ್ತೆ. ಹಾಗಾಗಿ ತುಟಿಯ ಒಂದು ಮೂಲೆಯಲ್ಲಿ ಗಾಳಿ ಸೋರಿದರೆ ವಾದ್ಯವೇ ಇಲ್ಲ. ಮಾತ್ರೆ ಮುಗಿದ ಮೇಲೆ ಫಿಸಿಯೋಥೆರಪಿ. ದಿನಕ್ಕೆ ಮೂರು ಸಲ ಕನ್ನಡಿ ಮುಂದೆ ಕೂತು ಪ, ಫ, ಬ, ಭ, ಮ. ಒಂದನೇ ಕ್ಲಾಸಿನಲ್ಲಿ ತಿದ್ದಿದ ಅಕ್ಷರಗಳು, ಎಲ್ಲ ತುಟಿ ಕೂಡಿಸಿ ಹೇಳುವಂಥವು. ನನ್ನ ತುಟಿ ಕೂಡುತ್ತಿರಲಿಲ್ಲ. ಪ ಅಂದರೆ ಫ ಥರ ಗಾಳಿ ಹೋಗುತ್ತಿತ್ತು. ಅಪ್ಪ ಪಕ್ಕದ ರೂಮಿನಲ್ಲಿ ಪೇಪರ್ ಓದುತ್ತಾ ಕೂತಿರುತ್ತಿದ್ದರು, ಅವರನ್ನು "ಅಪ್ಪಾ" ಅಂತ ಕರೆಯೋಕೆ ಆಗುತ್ತಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಒಂದು ದಿನ ಸರಿಯಾಗಿ ಕರೆದೆ. ಅವರು ಪೇಪರ್ ಇಳಿಸಲಿಲ್ಲ. "ಹ್ಞೂಂ, ಇನ್ನೊಂದ್ಸಲ" ಅಂದರು.

ಮುಖ ನೋಡೋರಿಗೆ ಆರು ತಿಂಗಳಿಗೆ ಸರಿಹೋಯಿತು. ತುಟಿಗೆ ಹಾಗಲ್ಲ. ಬರೀ ಮೌತ್‌ಪೀಸ್ ಇಟ್ಟುಕೊಂಡು ಐದು ನಿಮಿಷ ಊದಿದರೆ ಕೆನ್ನೆ ಅದುರುತ್ತಿತ್ತು. ಆ ಕಾಲದಲ್ಲಿ ನಾನು ಅಮೆರಿಕದ ಜಾಜ್ ಟ್ರಂಪೆಟ್ ವಾದಕ ಚೆಟ್ ಬೇಕರ್ ಅವರನ್ನು ನೆನೆಸಿಕೊಳ್ಳುತ್ತಿದ್ದೆ. 1966ರಲ್ಲಿ ಯಾರೋ ಹೊಡೆದು ಅವರ ಹಲ್ಲು ಹಾಳಾಯಿತು. ಹಲ್ಲಿನ ಸೆಟ್ ಕಟ್ಟಿಸಿಕೊಂಡು, ಮೊದಲಿನಿಂದ ಕಲಿತು, ವರ್ಷಗಳ ಮೇಲೆ ಮತ್ತೆ ವೇದಿಕೆಗೆ ಬಂದರು. ರಾತ್ರಿ ನಿದ್ದೆ ಬಾರದಿದ್ದಾಗ ನೆನಪಿಗೆ ಬರುತ್ತಿದ್ದವರು ಮಾತ್ರ ಫ್ರೆಡ್ಡಿ ಹಬ್ಬರ್ಡ್. ಅಷ್ಟು ದೊಡ್ಡ ಶಕ್ತಿಯ ಟ್ರಂಪೆಟ್, 1992ರಲ್ಲಿ ಮೇಲ್ತುಟಿ ಸೀಳಿ, ಅದು ಸೋಂಕಾಗಿ, ಆಮೇಲೆ ಮೊದಲಿನ ಹಾಗೆ ಊದೋಕೆ ಆಗಲೇ ಇಲ್ಲ. ಇಬ್ಬರಲ್ಲಿ ನನ್ನ ದಾರಿ ಯಾವುದೋ ಅಂತ. ನಮ್ಮ ಬಾಸ್ ಗಿಟಾರ್ ಗೆಳೆಯ ಎರಡು ವರ್ಷ ಒಂದು ಶನಿವಾರವೂ ತಪ್ಪಿಸದೆ ಫೋನ್ ಮಾಡಿದ. ಒಂದು ದಿನವೂ "ಊದ್ತಿದ್ಯಾ?" ಅಂತ ಕೇಳಲಿಲ್ಲ, ಮ್ಯಾಚ್ ಸ್ಕೋರ್ ಕೇಳಿ ಇಟ್ಟುಬಿಡುತ್ತಿದ್ದ. ಅವನಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈಯುತ್ತಾನೆ, ಆದರೂ ಹೇಳುತ್ತೇನೆ.

ಈಗ ಭಾನುವಾರದ ವಿಷಯ.

ಎರಡನೇ ಹಾಡು ನಿಧಾನದ್ದು. ಅದಕ್ಕೆ ನಾದ ತಗ್ಗಿಸುವ ಹಾರ್ಮನ್ ಮ್ಯೂಟ್ ಹಾಕುತ್ತೇನೆ. ಅಲ್ಯೂಮಿನಿಯಂ ಬುರುಡೆ, ಸುತ್ತ ಕಾರ್ಕ್, ಟ್ರಂಪೆಟ್ ಮುಂದಿನ ಅಗಲದ ಬಾಯಿಗೆ ಬಿಗಿಯಾಗಿ ಕೂರುತ್ತೆ, ಗಾಳಿಯೆಲ್ಲ ಅದರೊಳಗಿಂದಲೇ ಹೋಗಬೇಕು. ಜಾಜ್ ಟ್ರಂಪೆಟ್ಟಿನ ದೊಡ್ಡ ಹೆಸರು ಮೈಲ್ಸ್ ಡೇವಿಸ್ ಅದರ ನಡುವಿನ ಕೊಳವೆ ತೆಗೆದು ಮೈಕಿಗೆ ಹತ್ತಿರ ಹಿಡಿದು ಊದುತ್ತಿದ್ದರು. ತೆಳುವಾದ, ಒಬ್ಬರ ಕಿವಿಯಲ್ಲಿ ಹೇಳಿದಂಥ ನಾದ ಬರುತ್ತೆ. ಮೆತ್ತಗೆ ಊದೋದು ಜೋರಾಗಿ ಊದೋದಕ್ಕಿಂತ ಕಷ್ಟ, ಅದರಲ್ಲೂ ನನ್ನ ಎಡ ಮೂಲೆಗೆ. ನಾಲ್ಕನೇ ಸಾಲು ಊದುವಾಗ ಒಂದು ಸ್ವರ ಒಡೆಯಿತು. ಪುಸ್ ಅಂತ ಬರೀ ಗಾಳಿ. ಯಾರೂ ಕೆಮ್ಮಲಿಲ್ಲ, ಕುರ್ಚಿ ಎಳೆಯಲಿಲ್ಲ. ನಾನು ಉಸಿರು ತಗೊಂಡೆ. ನನ್ನ ಉಸಿರಿನ ಜತೆಗೇ ಸಭಾಂಗಣದಲ್ಲಿ ಇನ್ನೆಷ್ಟೋ ಜನ ಉಸಿರು ತಗೊಂಡಿದ್ದು ನನಗೆ ಕೇಳಿಸಿತು. ನಿಜವಾಗಿ ಕೇಳಿಸಿತು. ಅದೇ ಸ್ವರವನ್ನು ಮತ್ತೆ ಹಿಡಿದೆ, ನಿಂತಿತು. ಆಗ ಎಡಗಡೆಯಿಂದ ಯಾರೋ ಮೆಲ್ಲಗೆ "ಆಹಾ" ಅಂದರು. ಯಾರು ಅಂತ ಗೊತ್ತಿಲ್ಲ. ಜಾಜ್ ಕ್ಲಬ್ಬಿನಲ್ಲಿ "ಯೆಸ್" ಅನ್ನುವ ಜಾಗ ಅದು, ನಮ್ಮಲ್ಲಿ "ಆಹಾ" ಬಂತು. ಆ ಒಂದು ಆಹಾ ಮೇಲೆ ನಾನು ಉಳಿದ ಒಂದೂವರೆ ಗಂಟೆ ಊದಿದೆ.

ಅದೇ ಹಾಡಿನ ಕೊನೆಯಲ್ಲಿ ಫೋನ್ ಹೊಡೆದುಕೊಂಡಿದ್ದು. ಆಂಟಿ, ಆವತ್ತಿನಿಂದ ನೀವು ನಾಲ್ಕು ಸಲ ಸಾರಿ ಅಂತ ಮೆಸೇಜ್ ಹಾಕಿದ್ದೀರಿ. ದಯವಿಟ್ಟು ಬಿಟ್ಟುಬಿಡಿ. ನಿಮಗೊಂದು ನಡೆದ ಕಥೆ ಹೇಳುತ್ತೇನೆ. 2001ರಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ಹೆಸರಾಂತ ನೆಲಮಾಳಿಗೆ ಕ್ಲಬ್ಬಿನಲ್ಲಿ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಒಂದು ನಿಧಾನದ ಹಾಡು ಊದುತ್ತಿದ್ದರು. ಇನ್ನೇನು ಕೊನೆಯ ಸ್ವರಗಳು, ಯಾರದ್ದೋ ಫೋನ್ ಕಿರುಗುಟ್ಟಿತು. ಅವರು ನಿಂತರು. ಆ ರಿಂಗ್‌ಟೋನನ್ನೇ ಸ್ವರಕ್ಕೆ ಸ್ವರ ಟ್ರಂಪೆಟ್‌ನಲ್ಲಿ ಊದಿದರು. ಅದನ್ನೇ ಬೆಳೆಸಿ, ತಿರುಗಿಸಿ, ನಿಧಾನ ಮಾಡಿ, ಬಿಟ್ಟ ಜಾಗಕ್ಕೇ ಬಂದು ಹಾಡು ಮುಗಿಸಿದರು. ಕೇಳುತ್ತಿದ್ದವರು ಹುಚ್ಚೆದ್ದು ಚಪ್ಪಾಳೆ ಹೊಡೆದರಂತೆ. ಭಾನುವಾರ ನಾನು ಹಾಗೇನೂ ಮಾಡಲಿಲ್ಲ, ನಿಮ್ಮ ಫೋನ್ ನಿಲ್ಲುವವರೆಗೆ ಸುಮ್ನೆ ಕಾದೆ. ಆ ಎಂಟು ಸೆಕೆಂಡಿನಲ್ಲಿ ಒಬ್ಬರೂ ತಿರುಗಿ ನಿಮ್ಮನ್ನು ದುರುಗುಟ್ಟಿ ನೋಡಲಿಲ್ಲ, ಎಲ್ಲರೂ ನನ್ನ ಜತೆ ಕಾದರು. ನನ್ನ ತುಟಿಗೂ ಅಷ್ಟು ಹೊತ್ತು ವಿಶ್ರಾಂತಿ ಬೇಕಾಗಿತ್ತು. ಮುಂದಿನ ಸಲವೂ ಮುಂದಿನ ಸಾಲಿನಲ್ಲೇ ಕೂರಿ.

ಮೂರನೆಯದು ಬ್ಲೂಸ್, ಒಂದೇ ಸುತ್ತು ಮತ್ತೆ ಮತ್ತೆ ತಿರುಗಿ ಬರುವಂಥದ್ದು. ಇಲ್ಲಿ ನೀವು ಚಪ್ಪಾಳೆ ಶುರು ಮಾಡಿದಿರಿ, ನಮ್ಮಲ್ಲಿ ಭಜನೆಗೆ ಹೊಡೆಯುವ ಹಾಗೆ, ಒಂದು ಮತ್ತು ಮೂರನೇ ಎಣಿಕೆಗೆ. ಜಾಜ್‌ನಲ್ಲಿ ಒತ್ತು ಬೀಳೋದು ಎರಡು ಮತ್ತು ನಾಲ್ಕಕ್ಕೆ. ನಮ್ಮ ಡ್ರಮ್ಸ್ ಹುಡುಗ ಕಾಲಲ್ಲಿ ಒತ್ತುವ ಜೋಡಿ ತಾಳ ಇದೆಯಲ್ಲ, ಹೈ-ಹ್ಯಾಟ್, ಅದು ಮುಚ್ಚಿಕೊಳ್ಳೋದು ಅಲ್ಲೇ. ಅವನು ನಿಮಗೆ ನಗುತ್ತಾ ಅದನ್ನೇ ಸ್ವಲ್ಪ ಜೋರು ಮಾಡಿದ, ಅಷ್ಟೇ. ಮೊದಲು ಕಾಲೇಜು ಹುಡುಗಿಯರ ಗುಂಪು ಬದಲಾಯಿಸಿತು. ಆಮೇಲೆ ಅವರ ಹಿಂದಿನ ಸಾಲು. ಮೂರು ಸುತ್ತು ಆಗುವಷ್ಟರಲ್ಲಿ ಇಡೀ ಸಭೆ ಎರಡು ನಾಲ್ಕಕ್ಕೆ ಬಂದುಬಿಟ್ಟಿತ್ತು! ಯಾರೂ ಹೇಳಿಕೊಡಲಿಲ್ಲ, ನೀವೇ ಕೇಳಿ ಕಂಡುಕೊಂಡಿರಿ. ವೇದಿಕೆ ಮೇಲೆ ನಿಂತು ಅದು ಬದಲಾಗುತ್ತಾ ಬರೋದನ್ನು ಕೇಳೋದು ಹೇಗಿರುತ್ತೆ ಅಂತ ಹೇಳೋಕೆ ಬರುವುದಿಲ್ಲ. ಮೈ ಜುಮ್ ಅಂತು.

ಇನ್ನೊಬ್ಬರು ಇದ್ದರು. ನಡುವಿನ ಸಾಲಿನಲ್ಲಿ ಕಂಚಿಬಾರ್ಡರ್ ಸೀರೆಯ ಅಮ್ಮ, ತೊಡೆ ಮೇಲೆ ಆದಿತಾಳ ಹಾಕುತ್ತಿದ್ದರು. ಒಂದು ಪೆಟ್ಟು, ಮೂರು ಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ. ಕಣ್ಣು ನನ್ನ ಮೇಲೂ ಇಲ್ಲ, ಡ್ರಮ್ಸ್ ಮೇಲೂ ಇಲ್ಲ, ಅವರ ಕೈ ಮೇಲೆ. ಕಾಫಿ ಹೊತ್ತಿನಲ್ಲಿ ಬಂದು, "ನೀವು ಆರು ಆವರ್ತಕ್ಕೊಂದ್ಸಲ ಮೊದಲಿನ ಜಾಗಕ್ಕೆ ಬರ್ತೀರಿ ಅಲ್ವಾ? ಎಲ್ಲಿಗೆ ಹೋದ್ರೂ ಬರ್ತೀರಿ" ಅಂದರು. ನನಗೆ ಲೆಕ್ಕ ಹಾಕೋಕೆ ಸ್ವಲ್ಪ ಹೊತ್ತು ಬೇಕಾಯಿತು. ಬ್ಲೂಸ್‌ಗೆ ಒಂದು ಸುತ್ತಿಗೆ 12 ಮನೆ (ಬಾರ್), ಮನೆಗೆ 4 ಎಣಿಕೆ, ಒಟ್ಟು 48. ಆದಿತಾಳದ ಒಂದು ಆವರ್ತ, ಅಂದರೆ ಒಂದು ಸುತ್ತು, 8 ಎಣಿಕೆ. ಅಲ್ಲಿಗೆ ಸರಿಯಾಗಿ 6 ಆವರ್ತ. ಇಷ್ಟು ವರ್ಷ ಊದಿದ್ದೇನೆ, ಹೀಗೆ ನೋಡಿರಲಿಲ್ಲ. ಮೊದಲ ಸಲ ಕೇಳಿದ ಅವರು ಬ್ಲೂಸ್‌ನ ಬೆನ್ನೆಲುಬನ್ನೇ ಕೈಯಲ್ಲಿ ಹಿಡಿದಿದ್ದರು. ನಮ್ಮ ಕಡೆಯವರಿಗೆ ಜಾಜ್ ಅರ್ಥ ಆಗಲ್ಲ ಅನ್ನೋರಿಗೆ ನಾನು ಇನ್ನು ಈ ಅಮ್ಮನ ವಿಷಯ ಹೇಳುತ್ತೇನೆ.

ಹಾಗೆ ನೋಡಿದರೆ ಈ ಊರಿಗೆ ಬ್ಯಾಂಡ್ ವಾದ್ಯ ಹೊಸದೂ ಅಲ್ಲ. ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೋಫೋನ್‌ಗೆ ಮನಸ್ಸು ಕೊಟ್ಟಿದ್ದೇ ಮೈಸೂರು ಅರಮನೆಯ ಬ್ಯಾಂಡ್ ಕೇಳಿ. 1980ರಲ್ಲಿ ಮುಂಬೈಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾಜ್ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಅವರ ಜತೆ ನುಡಿಸಿದರು. ಅವರನ್ನು ನೆನೆದು ಮೆಸೇಜ್ ಹಾಕಿದವರು ಏಳೆಂಟು ಜನ. ಅವರ ಹೆಸರಿನ ಪಕ್ಕ ನನ್ನ ಹೆಸರು ಬೇಡ, ಆದರೆ ನೆನಪಾಯಿತಲ್ಲ, ಅದು ಖುಷಿ.

ಮಕ್ಕಳಿಗೆ: ಹೌದು, ನಾನೇ ತುತ್ತೂರಿ ಅಂಕಲ್. ಬಿಡುವಿನಲ್ಲಿ ಟ್ರಂಪೆಟ್ ಒಳಗಿಂದ ಬಿದ್ದ ನೀರು ಎಂಜಲಲ್ಲ. ಉಸಿರಿನ ಹಬೆ ತಣ್ಣಗಾಗಿ ನೀರಾಗಿದ್ದು. ಚಳಿಗಾಲದಲ್ಲಿ ಕಿಟಕಿ ಗಾಜಿನ ಮೇಲೆ ಊದಿ ನೋಡಿ.

ಇನ್ನು ಅಪ್ಪನ ವಿಷಯ. ಇದನ್ನು ಬರೆಯೋಕೇ ಮೂರು ದಿನ ಆಗಿದ್ದು.

ಅಪ್ಪ 40 ವರ್ಷ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವರು. ಕೆಂಪು ಕೋಟು, ಹೆಗಲ ಮೇಲೆ ಜರಿ, ಪಕ್ಕದಲ್ಲಿ ತಲೆ ಮೇಲೆ ಲೈಟ್ ಹೊತ್ತವರು, ಹಿಂದೆ ಜನರೇಟರ್ ಗಾಡಿ. ಗಣಪತಿ ಬಿಡುವ ಸೀಸನ್ನಿನಲ್ಲಿ ತುಟಿ ದಪ್ಪ ಆಗಿರುತ್ತಿತ್ತು, ರಾತ್ರಿ ಬಂದು ತುಪ್ಪ ಹಚ್ಚಿಕೊಂಡು ಮಲಗುತ್ತಿದ್ದರು. ನನಗೆ ಮೊದಲು ಊದೋಕೆ ಕಲಿಸಿದ್ದು ಅವರೇ. ಅವರ ಪಾಠ ಒಂದೇ: ಜೋರಾಗಿ ಊದು, ಪಟಾಕಿ ಶಬ್ದದ ಮೇಲೆ ಕೇಳಿಸಬೇಕು. ಮೆರವಣಿಗೆಯಲ್ಲಿ ಎಲ್ಲರೂ ಕುಣಿಯುತ್ತಾರೆ, ಯಾರೂ ಕೇಳುವುದಿಲ್ಲ. 40 ವರ್ಷದಲ್ಲಿ ಜನ ಕುರ್ಚಿ ಹಾಕಿಕೊಂಡು ಕೂತು ಅವರು ಊದಿದ್ದನ್ನು ಕೇಳಿದ್ದು ಒಂದು ಸಲವೂ ಇಲ್ಲ. ಇದನ್ನು ಅವರು ಯಾವತ್ತೂ ಬೇಜಾರಿನಿಂದ ಹೇಳಿದವರಲ್ಲ. ನಾನು ಹೇಳುತ್ತಿದ್ದೇನೆ.

ನಾನು ಜಾಜ್ ಹಿಡಿದಾಗ ಅವರಿಗೆ ಅದು ದೊಡ್ಡವರ ಸಂಗೀತ, ಇಂಗ್ಲಿಷ್ ಸಂಗೀತ ಅನ್ನಿಸಿತ್ತು. ಅದು ಹುಟ್ಟಿದ್ದೇ ನಿಮ್ಮ ಥರದ ಬೀದಿ ಬ್ಯಾಂಡಿನಲ್ಲಿ ಅಂದರೆ ನಂಬುತ್ತಿರಲಿಲ್ಲ. ಜಾಜ್ ಹುಟ್ಟಿದ ಊರು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸತ್ತವರ ಮೆರವಣಿಗೆಗೂ ಬ್ಯಾಂಡ್ ಇರುತ್ತೆ. ಸ್ಮಶಾನದ ದಾರಿಯಲ್ಲಿ ನಿಧಾನದ ಭಕ್ತಿಗೀತೆ. ಬೀಳ್ಕೊಟ್ಟು ವಾಪಸ್ ಬರುವಾಗ ಅದೇ ಬ್ಯಾಂಡ್ ಕುಣಿಸುವ ಹಾಡು ಎತ್ತಿಕೊಳ್ಳುತ್ತೆ, ಹಿಂದೆ ಬರುವ ಜನ ಕರ್ಚೀಫ್ ಬೀಸುತ್ತಾ, ಛತ್ರಿ ಕುಣಿಸುತ್ತಾ ಹೆಜ್ಜೆ ಹಾಕುತ್ತಾರೆ. ಬ್ಯಾಂಡಿನ ಹಿಂದೆ ಬರುವ ಆ ಗುಂಪಿಗೇ ಸೆಕೆಂಡ್ ಲೈನ್ ಅಂತ ಹೆಸರು. ನಮ್ಮಲ್ಲಿ ಬ್ಯಾಂಡಿನ ಮುಂದೆ ಕುಣಿದರೆ ಅಲ್ಲಿ ಹಿಂದೆ, ಅಷ್ಟೇ ವ್ಯತ್ಯಾಸ. 1901ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಹೆಸರಾಂತ ಜಾಜ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಥರದ್ದೇ ವಾದ್ಯ ಕಾರ್ನೆಟ್ ಕಲಿತದ್ದು ಹುಡುಗರ ಸುಧಾರಣಾ ಶಾಲೆಯ ಬ್ಯಾಂಡಿನಲ್ಲಿ, ಊದಿದ್ದು ಬೀದಿ ಮೆರವಣಿಗೆಗಳಲ್ಲಿ. ಭಾನುವಾರ ಕೊನೆಗೆ ನಾವು ಊದಿದ್ದು ಹಾಗೇ, ಮೊದಲು ಸ್ಮಶಾನಕ್ಕೆ ಹೋಗುವ ಹಾಡು, ಆಮೇಲೆ ವಾಪಸ್ ಬರುವ ಹಾಡು. ಶುರು ಮಾಡುವ ಮುಂಚೆ ಈ ಕಥೆಯನ್ನು ಮೈಕಿನಲ್ಲಿ ಹೇಳಿದೆ. ಅಪ್ಪ ನಾಲ್ಕನೇ ಸಾಲಿನ ತುದಿಯಲ್ಲಿ ಕೂತಿದ್ದರು. ನನ್ನ ಮಾತು ಮುಗಿದ ಮೇಲೆ ನಿಮ್ಮಲ್ಲಿ ಯಾರೋ ಒಬ್ಬರು ಅವರ ಕಡೆ ತಿರುಗಿ ಕೈ ಮುಗಿದಿರಂತೆ. ನನಗೆ ಆಮೇಲೆ ಹೆಂಡತಿ ಹೇಳಿದಳು. ನೀವು ಯಾರು ಅಂತ ಗೊತ್ತಾದರೆ ಮನೆಗೆ ಬಂದು ಥ್ಯಾಂಕ್ಸ್ ಹೇಳುತ್ತೇನೆ.

ಮನೆಗೆ ಬಂದ ಮೇಲೆ ಅಪ್ಪ ಏನೂ ಮಾತಾಡಲಿಲ್ಲ. ಊಟ ಮಾಡಿ ಮಲಗಿದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಶುರು ಮಾಡಿದರು. "ಆ ಬುರುಡೆ ಹಾಕ್ಕೊಂಡು ಅಷ್ಟು ಮೆತ್ತಗೆ ಊದಿದ್ಯಲ್ಲ, ನಾಕನೇ ಸಾಲಿಗೂ ಕೇಳಿಸ್ತು ಕಣೋ." ಕೇಳಿಸಿದ್ದು ಜನ ಸುಮ್ಮನಿದ್ದಿದ್ದಕ್ಕಪ್ಪ ಅಂದೆ. ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತರು. "ಜನ ಅಷ್ಟು ಸುಮ್ನಿರ್ತಾರೆ ಅಂತ ಗೊತ್ತಿದ್ರೆ ನಾನೂ ಮೆತ್ತಗೆ ಊದೋದು ಕಲೀತಿದ್ದೆ" ಅಂದರು. ಅದಕ್ಕೇ ಕೇಳಿದ ರೀತಿಗೆ ಥ್ಯಾಂಕ್ಸ್ ಅಂದಿದ್ದು. ನೀವು ಸುಮ್ಮನೆ ಕೂತಿದ್ದು ನನಗೊಬ್ಬನಿಗೆ ಸಿಕ್ಕಿದ್ದಲ್ಲ.

ಆಮೇಲೆ ಲೋಟ ಕೆಳಗಿಟ್ಟು ಇನ್ನೊಂದು ಹೇಳಿದರು. ಈ ಸಲ ಅಪ್ಪನ ಹಾಗಲ್ಲ, ಬ್ಯಾಂಡಿನವರ ಹಾಗೆ. "ಕೊನೇ ಹಾಡಲ್ಲಿ ಜನ ಏಳ್ತಾ ಇದ್ರು. ಬಾಗ್ಲ ಹತ್ರ ಇಬ್ರು ಎದ್ದಿದ್ರು, ಆ ಹುಡ್ಗೀರು ಕರ್ಚೀಫ್ ತೆಗೆದಿದ್ರು. ಅಷ್ಟ್ರಲ್ಲಿ ನೀನು ನಿಲ್ಲಿಸಿಬಿಟ್ಟೆ, ಪಾಪ ಮತ್ತೆ ಕೂತ್ಕೊಂಡ್ರು. ಜನ ಏಳೋ ಹೊತ್ತಲ್ಲಿ ನಿಲ್ಲಿಸಬಾರ್ದು. ಇನ್ನೆರಡು ಸುತ್ತು ಊದ್ಬೇಕಿತ್ತು."

ನನಗೆ ಕಂಡಿರಲಿಲ್ಲ. ಕಣ್ಣು ಮುಚ್ಚಿಕೊಂಡು ಊದುತ್ತಿದ್ದೆ. ಎರಡೂ ಕಣ್ಣು.

ಎದ್ದು ಮತ್ತೆ ಕೂತವರು ಯಾರೇ ಆಗಿರಿ, ನಿಮಗೆ ಆ ಎರಡು ಸುತ್ತು ಬಾಕಿ ಇದೆ.